ಮಯೋಟೋನಿಕ್ ಡಿಸ್ಟ್ರೋಫಿ ಇದ್ದರೆ ಯಾವ ಹೆರಿಗೆ?

ಮಯೋಟೋನಿಕ್ ಡಿಸ್ಟ್ರೋಫಿ ಅಂದರೆ ಸ್ನಾಯುಗಳು ಸೋಲುತ್ತಾ ಹೋಗುವ, ಬಿಗಿದರೆ ಬೇಗ ಸಡಿಲವಾಗದ ಆನುವಂಶಿಕ ಕಾಯಿಲೆ. ಇದು ಇದೆ ಅಂದ ಮಾತ್ರಕ್ಕೆ ಸಿಸೇರಿಯನ್ನೇ ಆಗಬೇಕು ಅಂತೇನಿಲ್ಲ. ಸಹಜ ಹೆರಿಗೆಯಾದರೆ ಹೊಟ್ಟೆಯ ಮೇಲೆ ಗಾಯವಿಲ್ಲ, ಬೇಗ ಎದ್ದು ಓಡಾಡಬಹುದು. ಆದರೆ ಗರ್ಭಕೋಶದ ಸ್ನಾಯುವೂ ಸೋತಿದ್ದರೆ ಹೆರಿಗೆ ನೋವು ತುಂಬಾ ಹೊತ್ತು ಎಳೆಯುತ್ತದೆ, ಮುಕ್ಕಲು ಶಕ್ತಿ ಸಾಲದು.

ಸಿಸೇರಿಯನ್‌ಗೆ ಮೊದಲೇ ದಿನ ಗೊತ್ತುಮಾಡಬಹುದು. ಅಲ್ಲಿ ಹೆಚ್ಚು ಹುಷಾರಾಗಿರಬೇಕಾದ್ದು ಅರಿವಳಿಕೆ ವಿಷಯದಲ್ಲಿ. ಬೆನ್ನಿಗೆ ಕೊಡುವ ಇಂಜೆಕ್ಷನ್ ಸಾಮಾನ್ಯವಾಗಿ ಮೇಲು. ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಉಸಿರಾಟ ಸರಿಹೋಗಲು ತಡವಾಗಬಹುದು. ಸಕ್ಸಿನೈಲ್‌ಕೋಲಿನ್ ಅನ್ನೋ ಸ್ನಾಯು ಸಡಿಲಿಸುವ ಔಷಧಿ ಕೊಟ್ಟರಂತೂ ದವಡೆ ಬಿಗಿದುಕೊಂಡು ಉಸಿರಾಟದ ಟ್ಯೂಬ್ ಹಾಕೋದೂ ಕಷ್ಟವಾಗಬಹುದು. ಚಳಿಗೆ ನಡುಗಿದರೂ ಸ್ನಾಯು ಸೆಟೆದುಕೊಳ್ಳಬಹುದು, ಕಂಬಳಿ ಕೇಳೋಕೆ ಸಂಕೋಚ ಬೇಡ.

ಎರಡರಲ್ಲೂ ಆಮೇಲೆ ರಕ್ತಸ್ರಾವ ಜಾಸ್ತಿ ಆಗಬಹುದು. ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇ 50, ಹಾಗಾಗಿ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇರುವ ಆಸ್ಪತ್ರೆಯೇ ಇರಲಿ. ಹೃದಯ, ಉಸಿರಾಟ ಚೆನ್ನಾಗಿದ್ದು ಡಾಕ್ಟರೂ ಒಪ್ಪಿದರೆ, ಮೊದಲು ಸಹಜ ಹೆರಿಗೆಗೇ ನೋಡಿ ಅನ್ನುತ್ತೇನೆ ನಾನು.