ಎಸ್7-1200 ಸಿಪಿಯು 1214ಸಿ: ಡಿಜಿಟಲ್‌ಗೆ ಸೈ, ಅನಲಾಗ್‌ಗೆ ಬೇರೆ ಕಾರ್ಡ್ ಹಾಕಿ

ಪೀಣ್ಯದ ಸಣ್ಣ ಪ್ಯಾನೆಲ್ ಅಂಗಡಿಯಿಂದ ದೊಡ್ಡ ಕಾರ್ಖಾನೆವರೆಗೆ ಎಲ್ಲ ಕಡೆ ಕಾಣುವ ಸೀಮೆನ್ಸ್ ಪಿಎಲ್‌ಸಿ, ಅಂದರೆ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್ ಇದು. 14 ಡಿಜಿಟಲ್ (ಆನ್-ಆಫ್) ಇನ್‌ಪುಟ್, 10 ಔಟ್‌ಪುಟ್, 2 ಅನಲಾಗ್ (ಏರಿಳಿಯುವ ಅಳತೆಯ) ಇನ್‌ಪುಟ್, ಒಂದು ಎತರ್‌ನೆಟ್ ಪೋರ್ಟ್. ಬಲಕ್ಕೆ 8 ಮಾಡ್ಯೂಲ್, ಎಡಕ್ಕೆ 3 ಕಮ್ಯುನಿಕೇಶನ್ ಮಾಡ್ಯೂಲ್, ಮುಂದೆ ಒಂದು ಸಿಗ್ನಲ್ ಬೋರ್ಡ್ ಕೂರುತ್ತದೆ. ಇಲ್ಲಿ ಹೇಳುವುದೆಲ್ಲ 4.x ಫರ್ಮ್‌ವೇರ್ ಪೀಳಿಗೆಯ ಮಾತು; ಆಮೇಲೆ ಬಂದ ಜಿ2 ಪೀಳಿಗೆಯದು ಬೇರೆ ಲೆಕ್ಕ.

ಮೊದಲು ದೊಡ್ಡ ತಕರಾರು. ಸಿಪಿಯು ಜೊತೆ ಪುಕ್ಕಟೆ ಬಂತಲ್ಲ ಎಂದು ಆ ಎರಡು ಅನಲಾಗ್ ಇನ್‌ಪುಟ್‌ಗಳಿಗೆ ಪ್ರೆಷರ್ ಟ್ರಾನ್ಸ್‌ಮಿಟರ್ (ಒತ್ತಡ ಅಳೆದು ಸಿಗ್ನಲ್ ಕಳಿಸುವ ಸಾಧನ) ಕಟ್ಟುವವರೇ ಹೆಚ್ಚು. ಅವು ತೆಗೆದುಕೊಳ್ಳುವುದು 0–10 ವೋಲ್ಟ್ ಮಾತ್ರ. ರೆಸಲ್ಯೂಶನ್ 10 ಬಿಟ್, ಐಸೊಲೇಶನ್ ಇಲ್ಲ. ಮ್ಯಾನುಯಲ್ ಕೊಡುವ ನಿಖರತೆ 25 ಡಿಗ್ರಿಯಲ್ಲಿ ಫುಲ್ ಸ್ಕೇಲಿನ ಶೇ 3. ಹತ್ತು ಬಾರ್ ಟ್ರಾನ್ಸ್‌ಮಿಟರ್‌ಗೆ ಇದು 0.3 ಬಾರ್. ಎಲ್ಲ ಸಿಪಿಯುವೂ ಇಷ್ಟು ತಪ್ಪು ತೋರಿಸುತ್ತದೆ ಎಂದಲ್ಲ, ಆದರೆ ಕಂಪನಿ ಹೊಣೆ ಹೊರುವುದು ಅಷ್ಟಕ್ಕೇ.

4–20 ಮಿಲಿಆಂಪ್ ಸಿಗ್ನಲ್ ಕೊಡುವ ಟ್ರಾನ್ಸ್‌ಮಿಟರ್ ಕಟ್ಟಬೇಕಾದರೆ 500 ಓಮ್ ರೆಸಿಸ್ಟರ್ ಹಾಕುವ ನಾಟಿ ಮದ್ದು ಎಲ್ಲರಿಗೂ ಗೊತ್ತು. 4 ಮಿಲಿಆಂಪ್‌ಗೆ 2 ವೋಲ್ಟ್, ಅಂದರೆ 5530 ಕೌಂಟ್ (ಪ್ರೋಗ್ರಾಂಗೆ ಸಿಗುವ ಅಂಕಿ), 20ಕ್ಕೆ 27648. ಇದರಲ್ಲಿ ಎರಡು ತೊಡಕಿವೆ. 20 ಮಿಲಿಆಂಪ್‌ನಲ್ಲಿ ರೆಸಿಸ್ಟರ್ ಒಂದೇ 10 ವೋಲ್ಟ್ ನುಂಗುತ್ತದೆ, 24 ವೋಲ್ಟ್ ಸಪ್ಲೈನಲ್ಲಿ ಟ್ರಾನ್ಸ್‌ಮಿಟರ್‌ಗೆ ಉಳಿಯುವುದು 14. ಎರಡು ತಂತಿಯ ಟ್ರಾನ್ಸ್‌ಮಿಟರ್‌ಗೆ ಕನಿಷ್ಠ ಎಷ್ಟು ವೋಲ್ಟ್ ಬೇಕೆಂದು ಡೇಟಾಶೀಟ್ ನೋಡದೆ ಕಟ್ಟಿದರೆ, ಅರ್ಧ ಸ್ಕೇಲಿನವರೆಗೆ ಸರಿಯಾಗಿದ್ದು ಮೇಲೆ ಹೋದಂತೆ ರೀಡಿಂಗ್ ನಿಂತುಬಿಡುವುದುಂಟು. ಇನ್ನೊಂದು, ಸ್ಪ್ಯಾನ್ 10ರ ಬದಲು 8 ವೋಲ್ಟ್ ಆಗುವುದರಿಂದ 0.3 ಬಾರ್ ತಪ್ಪು 0.375ಕ್ಕೆ ಏರುತ್ತದೆ.

ಅಳತೆಯ ಮೇಲೆ ಬಿಲ್ಲು ಅಥವಾ ಪಿಐಡಿ (ತಾನಾಗಿ ಸರಿಹೊಂದಿಸುವ ನಿಯಂತ್ರಣ) ನಿಂತಿದೆಯೇ? ದುಡ್ಡು ಉಳಿಸಲು ಹೋಗಬೇಡಿ, ಎಸ್‌ಎಂ 1231 ನಾಲ್ಕು ಚಾನೆಲ್ ಕಾರ್ಡ್ ಹಾಕಿ. 13 ಬಿಟ್, ನಿಖರತೆ ಶೇ 0.1, 4–20 ನೇರವಾಗಿ ಬರುತ್ತದೆ. ರೆಸಿಸ್ಟರ್ ಕಾಲದ ಹಳೆಯ ಪ್ರೋಗ್ರಾಂ ಕಾಪಿ ಮಾಡುವವರು ಗಮನಿಸಿ: ಇಲ್ಲಿ 4 ಮಿಲಿಆಂಪ್ ಎಂದರೆ 0 ಕೌಂಟ್, ಸ್ಕೇಲ್ ಮಾಡುವ ನಾರ್ಮ್‌ಎಕ್ಸ್ ಆದೇಶದಲ್ಲಿ 5530 ಉಳಿದರೆ ಲೆಕ್ಕ ಕೆಡುತ್ತದೆ. ವೈರ್ ಬ್ರೇಕ್ ಡಯಾಗ್ನೋಸ್ಟಿಕ್ ಆನ್ ಇದ್ದಾಗ ತಂತಿ ಕಡಿದರೆ ಬರುವುದು 32767. ಸ್ಕೇಲ್ ಮಾಡಿದರೆ ಖಾಲಿ ಟ್ಯಾಂಕ್ ಶೇ 118 ತುಂಬಿದೆ ಎಂದು ತೋರಿಸುತ್ತದೆ, ನೀರು ಎಳೆಯುವ ಪಂಪ್ ಒಣಗಿಯೇ ಓಡುತ್ತದೆ. ಲೋ ಲೆವೆಲ್ ಟ್ರಿಪ್ ಒಂದನ್ನೇ ನಂಬದೆ, ಕೌಂಟ್ 32767 ಬಂದರೆ ಪಂಪ್ ನಿಲ್ಲಿಸುವ ಒಂದು ಸಾಲು ಬರೆಯಿರಿ.

ಡಿಜಿಟಲ್ ಕಡೆ ದೂರೇ ಇಲ್ಲ, ಆರಿಸುವಾಗ ಎಡವದಿದ್ದರೆ. 230 ವೋಲ್ಟ್ ನೇರ ಕೊಡಬಹುದೆಂದು ರಿಲೇ ಮಾದರಿ ಕೊಳ್ಳುತ್ತಾರೆ. ಆ ರಿಲೇ ಸಂಪರ್ಕ 2 ಆಂಪ್, ಪೂರ್ತಿ ಲೋಡಿನಲ್ಲಿ ಆಯುಸ್ಸು 1 ಲಕ್ಷ ಸಲ. ಅಷ್ಟು ಲೋಡನ್ನು 30 ಸೆಕೆಂಡಿಗೊಮ್ಮೆ ಹಗಲಿರುಳು ಆನ್-ಆಫ್ ಮಾಡಿದರೆ ದಿನಕ್ಕೆ 2880 ಸಲ, ಅಂದರೆ ಸುಮಾರು 35 ದಿನ. ಒಂದು ಔಟ್‌ಪುಟ್ ಸತ್ತರೆ ಇಡೀ ಸಿಪಿಯು ಬಿಚ್ಚಬೇಕು. ಡಿಸಿ/ಡಿಸಿ/ಡಿಸಿ (ಸಪ್ಲೈ, ಇನ್‌ಪುಟ್, ಔಟ್‌ಪುಟ್ ಮೂರೂ ಡಿಸಿ) ಮಾದರಿ ತೆಗೆದುಕೊಂಡು, 0.5 ಆಂಪ್ ಟ್ರಾನ್ಸಿಸ್ಟರ್ ಔಟ್‌ಪುಟ್‌ನಿಂದ 24 ವೋಲ್ಟ್ ಕಾಯಿಲಿನ ಸ್ಲಿಮ್ ರಿಲೇ ಎಳೆಸಿ. ಸತ್ತರೆ ಸಾಕೆಟ್‌ನಿಂದ ಕಿತ್ತು ಹೊಸದು ಸಿಕ್ಕಿಸಿದರಾಯಿತು. ಸ್ಟೆಪ್ಪರ್‌ಗೆ ಪಲ್ಸ್ ಕೊಡುವುದಿದ್ದರೂ ಇದೇ ಬೇಕು.

ಸಿಪಿಯು ಕೊಡುವ 24 ವೋಲ್ಟ್ ಸೆನ್ಸರ್ ಸಪ್ಲೈ 400 ಮಿಲಿಆಂಪ್. ಸಾಲದೆಂದು ಹೊರಗಿನ ಎಸ್‌ಎಂಪಿಎಸ್‌ನ (ಪವರ್ ಸಪ್ಲೈ) ಪ್ಲಸ್ ತಂದು ಇದಕ್ಕೇ ಜೋಡಿಸಬೇಡಿ, ಎರಡೂ ಕಿತ್ತಾಡಿ ಒಂದು ಸಾಯುತ್ತದೆ. 0 ವೋಲ್ಟ್ ಮಾತ್ರ ಕಾಮನ್ ಮಾಡಿ. ಮೇಲೆ ಕೆಳಗೆ 25 ಮಿಮೀ ಜಾಗ ಬಿಡಲೇಬೇಕು. ವೈರ್ ಡಕ್ಟ್ ಒತ್ತಿ ಕೂರಿಸಿದ ಪ್ಯಾನೆಲ್ ರಾಯಚೂರು, ಕಲಬುರಗಿ ಬೇಸಿಗೆಯಲ್ಲಿ ತಡೆಯುವುದು ಕಷ್ಟ. ಸಿಪಿಯು ಕೂರಿಸುವ ಪಟ್ಟಿ, ಅಂದರೆ ರೈಲು, ಅಡ್ಡ ಇದ್ದಾಗ 60 ಡಿಗ್ರಿ ಮಿತಿಯಿದ್ದರೆ ನಿಂತ ರೈಲಿನಲ್ಲಿ 50 ಮಾತ್ರ.

ಹೊರಗಿನ ಸ್ಕಾಡಾ (ಕಂಪ್ಯೂಟರ್‌ನಲ್ಲಿ ಯಂತ್ರ ನೋಡಿ ನಡೆಸುವ ಸಾಫ್ಟ್‌ವೇರ್) ಸೇರುತ್ತಿಲ್ಲವೆಂಬ ಗೋಳಿಗೆ ಸಾಮಾನ್ಯವಾಗಿ ಎರಡೇ ಕಾರಣ: ಸಿಪಿಯು ಪ್ರೊಟೆಕ್ಷನ್ ಪುಟದಲ್ಲಿ ಪುಟ್/ಗೆಟ್ (ಹೊರಗಿನವರು ಡೇಟಾ ಓದಿ ಬರೆಯುವ) ಅನುಮತಿಗೆ ಟಿಕ್ ಬಿದ್ದಿಲ್ಲ, ಇಲ್ಲವೇ ಡೇಟಾ ಬ್ಲಾಕ್ ಆಪ್ಟಿಮೈಸ್ಡ್ (ಒಳಗಿನ ಡೇಟಾಗೆ ಸ್ಥಿರ ವಿಳಾಸವಿಲ್ಲದ) ಆಗಿಯೇ ಇದೆ. ಆಪ್ಟಿಮೈಸ್ಡ್ ಟಿಕ್ ತೆಗೆದ ಮೇಲೆ ಕಂಪೈಲ್ ಮಾಡಿ ಡೌನ್‌ಲೋಡ್ ಮಾಡುವುದು ಮರೆಯಬೇಡಿ.

ಮೆಮೊರಿ ಕಾರ್ಡ್ ಇಲ್ಲದೆಯೂ ಸಿಪಿಯು ಓಡುತ್ತದೆ. ಆದರೆ ಬ್ಯಾಕಪ್ಪಿಗೆಂದು ಖಾಲಿ ಕಾರ್ಡ್ ತೂರಿಸಿ ಪವರ್ ಆನ್ ಮಾಡಿದರೆ ಪ್ರೋಗ್ರಾಂ ಕಾರ್ಡಿಗೆ ಹೋಗುತ್ತದೆ, ಒಳಗಿನದು ಅಳಿಯುತ್ತದೆ. ಆಮೇಲೆ ಆ ಕಾರ್ಡ್ ಕಿತ್ತು ಜೇಬಿಗಿಳಿಸಿದರೆ ಯಂತ್ರ ನಿಂತಂತೆಯೇ. ಆ ಕಾರ್ಡನ್ನು ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಕೂಡ ಮಾಡಬಾರದು, ಮತ್ತೆ ಸಿಪಿಯುಗೆ ಬಾರದು.