ಕಾರಿನ ಬ್ಯಾಡ್ಜ್ ತೆಗೆಸೋಕೆ ಕೊಡುವ ಮೊದಲು ಇದನ್ನು ಓದಿ

ಕಾರಿನ ಹಿಂದಿರುವ ಅಕ್ಷರ, ಲೋಗೋ ತೆಗೆಸಬೇಕು ಅಂತಿದ್ದೀರಾ? ಹಾಗಾದರೆ ದಯವಿಟ್ಟು ಪೂರ್ತಿ ಓದಿ. ನನ್ನ ಕಾರಿನ ಡಿಕ್ಕಿಗೆ ಆದ ಗತಿ ನಿಮ್ಮ ಕಾರಿಗೆ ಬರೋದು ಬೇಡ.

ನಾನು ಹೇಳಿದ ಕೆಲಸ ತುಂಬಾ ಚಿಕ್ಕದು. ಡಿಕ್ಕಿ ಮೇಲೆ ಒಂದು ಕಡೆ ಮಾಡೆಲ್ ಹೆಸರು, ಇನ್ನೊಂದು ಕಡೆ ವೇರಿಯಂಟ್ ಹೆಸರು, ಕೆಳಗೆ ಕಾರು ಮಾರಿದವರ ಸ್ಟಿಕ್ಕರ್. ಇವಿಷ್ಟೂ ಹೋಗಿ ಹಿಂಭಾಗ ನೀಟಾಗಿ ಕಾಣಬೇಕಿತ್ತು, ಅಷ್ಟೇ. ಪಾಲಿಶ್, ಕೋಟಿಂಗ್ ಎಲ್ಲ ಮಾಡುವ ಕಡೆಯೇ ಕೊಟ್ಟೆ. "ಐದು ನಿಮಿಷದ ಕೆಲಸ ಸರ್, ಕೂತಿರಿ" ಅಂದರು. ಏನೋ ಟಕ್ ಟಕ್ ಅಂತ ಸದ್ದು ಕೇಳಿ ಹೋಗಿ ನೋಡುವಷ್ಟರಲ್ಲಿ ಮುಕ್ಕಾಲು ಅಕ್ಷರ ಕಿತ್ತಾಗಿತ್ತು. ಹುಡುಗನ ಕೈಯಲ್ಲಿ ಚಪ್ಪಟೆ ಸ್ಕ್ರೂಡ್ರೈವರ್. ಅದರ ತುದಿಗೆ ಒಂದು ಬಟ್ಟೆ ಚೂರು ಸುತ್ತಿದ್ದ. ಅಕ್ಷರದ ಅಡಿಗೆ ತೂರಿಸಿ ಮೀಟುತ್ತಿದ್ದ. ನಿಲ್ಲಿಸು ಅಂತ ನಾನು ಕೂಗಿದ್ದು, ಕೊನೆಯ ಅಕ್ಷರ ಎದ್ದು ಬಂದಿದ್ದು ಎರಡೂ ಒಟ್ಟಿಗೇ ಆಯಿತು. ಅಕ್ಷರದ ಬೆನ್ನಿಗೆ ಅಂಟಿಕೊಂಡು ಉಗುರಿನಷ್ಟು ಅಗಲದ ಪೇಂಟ್ ಚಕ್ಕೆಯೂ ಬಂತು. ಅದು ಬಿಟ್ಟ ಜಾಗದಲ್ಲಿ ಬೂದು ಬಣ್ಣದ ಪ್ರೈಮರ್, ಅಂದರೆ ಪೇಂಟಿನ ಅಡಿಯ ಪದರ, ಕಾಣುತ್ತಿತ್ತು.

ಅದೊಂದೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಮೊದಲು ತೆಗೆದ ಅಕ್ಷರಗಳ ಗಮ್ ಹೋಗಲಿ ಅಂತ ಥಿನ್ನರ್ ಹಾಕಿ ಉಜ್ಜಿದ್ದರಿಂದ ಅಲ್ಲೆಲ್ಲ ಹೊಳಪು ಹೋಗಿ ಮಂಕಾಗಿತ್ತು. ಸ್ಕ್ರೂಡ್ರೈವರ್ ಊರಿದ ಕಡೆ ಬೆರಳಾಡಿಸಿದರೆ ತಗ್ಗು ಸಿಗುತ್ತಿತ್ತು, ಅಂದರೆ ತಗಡೇ ಒಳಗೆ ಹೋಗಿತ್ತು. ಮಾಲೀಕರನ್ನು ಕರೆದು ತೋರಿಸಿದರೆ, "ಈ ಡಿಕ್ಕಿ ಮೊದಲೇ ರೀಪೇಂಟ್ ಆಗಿದೆ, ಅದಕ್ಕೇ ಪೇಂಟ್ ಕಿತ್ತು ಬಂದಿದೆ, ನಮ್ಮ ತಪ್ಪಲ್ಲ" ಅಂದರು. ರೀಪೇಂಟ್ ಆಗಿರಬಹುದು. ನಾನು ಸೆಕೆಂಡ್ ಹ್ಯಾಂಡ್ ತಗೊಂಡ ಕಾರು ಅದು, ಅದನ್ನು ಮೊದಲೇ ಹೇಳಿದ್ದೆ. ದಿನಾ ಪೇಂಟ್ ಜೊತೆ ಕೆಲಸ ಮಾಡುವವರು ಕೈ ಹಾಕುವ ಮುಂಚೆ ಅದನ್ನು ಪರೀಕ್ಷೆ ಮಾಡಬೇಕು ಅಲ್ವಾ? ಪೇಂಟಿನ ದಪ್ಪ ಅಳೆಯುವ ಮೀಟರ್ ಅವರ ಟೇಬಲ್ ಮೇಲೇ ಇತ್ತು!

ಈಗ ಕೆಲಸದ ವಿಷಯಕ್ಕೆ ಬರ್ತೀನಿ. ಕಂಪನಿಯಿಂದ ಬರುವ ಪೇಂಟ್ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ (ಒಂದು ಮಿಲಿಮೀಟರ್ ಅಂದರೆ ಸಾವಿರ ಮೈಕ್ರಾನ್). ಮೇಲಿನ ಹೊಳಪಿನ ಪದರ, ಅಂದರೆ ಕ್ಲಿಯರ್ ಕೋಟ್, ಸುಮಾರು 40-50 ಮೈಕ್ರಾನ್ ಮಾತ್ರ. ತಲೆಕೂದಲಿಗಿಂತ ತೆಳು. ಅದರ ಮೇಲೆ ಕಬ್ಬಿಣದ ತುದಿ ಇಟ್ಟು ಮೀಟಿದರೆ ಬಟ್ಟೆ ಸುತ್ತಿದ್ದರೂ ಅಷ್ಟೇ, ಸುತ್ತದಿದ್ದರೂ ಅಷ್ಟೇ.

ಹೆಚ್ಚಿನ ಬ್ಯಾಡ್ಜ್‌ಗಳು ಒಂದು ಮಿಲಿಮೀಟರ್ ಆಸುಪಾಸಿನ ಸ್ಪಂಜಿನಂಥ ಡಬಲ್ ಸೈಡ್ ಟೇಪ್ ಮೇಲೆ ನಿಂತಿರುತ್ತವೆ. ಬ್ಯಾಡ್ಜನ್ನು ಎಳೆಯಲೇಬಾರದು. ಆ ಸ್ಪಂಜನ್ನು ಮಧ್ಯದಲ್ಲಿ ಕುಯ್ಯಬೇಕು. ಮೊದಲು ಆ ಜಾಗವನ್ನು ಚೆನ್ನಾಗಿ ತೊಳೆಯಿರಿ, ಯಾಕೆಂದರೆ ಅಕ್ಷರದ ಸಂದಿಯಲ್ಲಿ ಕೂತ ಮಣ್ಣೇ ಆಮೇಲೆ ಗೀರು ಹಾಕುತ್ತದೆ. ಆಮೇಲೆ ಹೇರ್ ಡ್ರೈಯರ್ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಬಿಸಿ ಮಾಡಿ. ಮುಟ್ಟಿದರೆ ಕೈ ತಡೆದುಕೊಳ್ಳುವಷ್ಟು ಬಿಸಿ ಸಾಕು. ಟೇಪ್ ಮೆತ್ತಗಾದ ಮೇಲೆ ಮೀನು ಹಿಡಿಯುವ ಗಾಳದ ದಾರವನ್ನೋ ಹಲ್ಲಿನ ಸಂದಿ ಶುಚಿ ಮಾಡುವ ಫ್ಲಾಸನ್ನೋ ಬ್ಯಾಡ್ಜ್ ಹಿಂದೆ ಹಾಕಿ, ಎರಡೂ ತುದಿ ಹಿಡಿದು ಗರಗಸ ಆಡಿಸಿದ ಹಾಗೆ ನಿಧಾನಕ್ಕೆ ಎಳೆಯುತ್ತಾ ಹೋಗಬೇಕು. ಬಿಗಿ ಅನ್ನಿಸಿದರೆ ನಿಲ್ಲಿಸಿ, ಮತ್ತೆ ಬಿಸಿ ಮಾಡಿ. ಚಳಿಯಲ್ಲಂತೂ ಟೇಪ್ ಗಡುಸಾಗಿರುತ್ತದೆ, ಆಗ ಬಲ ಹಾಕಲೇಬೇಡಿ.

ಹೀಟ್ ಗನ್ ತಂದರೆ ಬೇಡ ಅನ್ನಿ. ಅದರ ಗಾಳಿ 500 ಡಿಗ್ರಿ ದಾಟಬಹುದು. ಗ್ಯಾರೇಜಲ್ಲಿ ಹೊಡೆದ ಪೇಂಟನ್ನು ಒಣಗಿಸುವುದೇ ಸುಮಾರು 60 ಡಿಗ್ರಿಯಲ್ಲಿ. ಇನ್ನು ಬಂಪರ್ ಪ್ಲಾಸ್ಟಿಕ್ ಆದರೆ ಸೊಟ್ಟಗೇ ಆಗಿಬಿಡುತ್ತದೆ.

ಉಳಿದ ಗಮ್ಮಿಗೆ ಹೆಬ್ಬೆರಳೇ ಒಳ್ಳೆಯದು. ಬಿಸಿ ಇರುವಾಗಲೇ ಬೆರಳಿಂದ ಉರುಳಿಸಿದರೆ ಉಂಡೆಯಾಗಿ ಎದ್ದು ಬರುತ್ತದೆ. ಬೆರಳು ನೋಯುತ್ತದೆ, ಟೈಮ್ ಹಿಡಿಯುತ್ತದೆ, ಆದರೆ ಪೇಂಟಿಗೆ ಏನೂ ಆಗುವುದಿಲ್ಲ. ಕೊನೆಗೆ ಉಳಿಯುವ ಜಿಗುಟಿಗೆ ಕಾರ್ ಪೇಂಟಿಗೆ ಆಗುತ್ತದೆ ಅಂತ ಬರೆದಿರುವ ಗಮ್ ರಿಮೂವರನ್ನು ಬಟ್ಟೆಗೆ ಹಾಕಿ ಒರೆಸಿ. ಥಿನ್ನರ್ ಬೇಡವೇ ಬೇಡ. ಡ್ರಿಲ್ಲಿಗೆ ಹಾಕುವ ರಬ್ಬರ್ ಚಕ್ರವೂ ಪಳಗದ ಕೈಯಲ್ಲಿ ಅಪಾಯ, ಒಂದೇ ಕಡೆ ಒತ್ತಿ ಹಿಡಿದರೆ ಕಾದು ಪೇಂಟನ್ನೇ ಸುಡುತ್ತದೆ.

ಮೊದಲೇ ನೋಡಬೇಕಾದ್ದು ಇನ್ನೂ ಒಂದಿದೆ. ಕೆಲವು ಬ್ಯಾಡ್ಜ್‌ಗಳಿಗೆ ಹಿಂದೆ ಪಿನ್ ಇರುತ್ತದೆ, ತಗಡಿನಲ್ಲಿ ಅದಕ್ಕೆ ತೂತು ಇರುತ್ತದೆ. ತೆಗೆದ ಮೇಲೆ ಆ ತೂತು ಮುಚ್ಚದಿದ್ದರೆ ನೀರು ಒಳಗೆ ಇಳಿದು ತುಕ್ಕು ಹಿಡಿಯುತ್ತದೆ. ಈಗಿನ ಕೆಲವು ಕಾರುಗಳಲ್ಲಿ ಮುಂದಿನ ಲೋಗೋ ಹಿಂದೆ ರಾಡಾರ್ ಸೆನ್ಸರ್ ಇರುತ್ತದೆ, ಕೆಲವದರಲ್ಲಿ ಹಿಂದಿನ ಲೋಗೋವೇ ಡಿಕ್ಕಿ ತೆಗೆಯುವ ಹಿಡಿ. ಅಂಥವನ್ನು ಮುಟ್ಟಬೇಡಿ. ಹಳೆಯ ಕಾರಾದರೆ, ಎಷ್ಟೇ ಸರಿಯಾಗಿ ತೆಗೆದರೂ ಅಕ್ಷರದ ಅಚ್ಚು ಉಳಿಯಬಹುದು. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿರುತ್ತದೆ, ಅಡಿಯದ್ದು ಹೊಸದರಂತೆ ಇರುತ್ತದೆ. ಪಾಲಿಶ್ ಮಾಡಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುತ್ತದೆ ಅಂತ ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ನನ್ನ ಕಾರಿನ ಬಣ್ಣ ಮೆಟಾಲಿಕ್. ಕಿತ್ತ ಜಾಗಕ್ಕೆ ಮಾತ್ರ ಬಣ್ಣ ಹಚ್ಚಿದರೆ ಎದ್ದು ಕಾಣುತ್ತದೆ ಅಂತ ಇಡೀ ಡಿಕ್ಕಿಗೇ ಪೇಂಟ್ ಹೊಡೆಸಬೇಕಾಯಿತು. ಮೊದಲು ಬ್ಯಾಡ್ಜ್ ಕಿತ್ತ ಅಂಗಡಿಯವರು ತಗ್ಗು, ಗೀರು ಎಲ್ಲ ಹಳೆಯದು ಅಂತ ವಾದ ಮಾಡಿದರು. ಕಾರು ಕೊಡುವ ಮುಂಚೆ ಡಿಕ್ಕಿಯನ್ನು ಹತ್ತಿರದಿಂದ, ಬೆಳಕು ಓರೆಯಾಗಿ ಬೀಳುವ ಹಾಗೆ ಫೋಟೋ ತೆಗೆದಿದ್ದೆ. ಅದನ್ನು ತೋರಿಸಿದ ಮೇಲೆಯೇ ಪೇಂಟಿಂಗ್ ಖರ್ಚಿನಲ್ಲಿ ಅರ್ಧ ಕೊಡಲು ಒಪ್ಪಿದ್ದು. ನೀವೂ ಕೀ ಕೊಡುವ ಮೊದಲು ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ. ಯಾವುದರಿಂದ ತೆಗೀತೀರಾ ಅಂತ ಬಾಯಿಬಿಟ್ಟು ಕೇಳಿ. ದಾರ ಅನ್ನದಿದ್ದರೆ ಕಾರು ವಾಪಸ್ ತಂದುಬಿಡಿ.