ಪಂಪು ನಿಂತ ಗಣಿಯೊಳಗೆ 4ಕೆ ಕ್ಯಾಮೆರಾ ಹೋದದ್ದು ಹೇಗೆ? ಸ್ಟಾಕ್ ವಿಡಿಯೋ ಸೇವೆಯೊಂದರ ಜೊತೆ ಎರಡೂವರೆ ವರ್ಷ

ಎರಡೂವರೆ ವರ್ಷದಿಂದ ಈ ಸ್ಟಾಕ್ ವಿಡಿಯೋ ಸೇವೆಗೆ, ಅಂದರೆ ಬೇರೆಯವರು ತೆಗೆದ ಕ್ಲಿಪ್ಪುಗಳನ್ನು ಬಳಸಲು ಕೊಡುವ ಸೇವೆಗೆ, ತಿಂಗಳಿಗೆ 2,300 ರೂಪಾಯಿ ಕಟ್ಟುತ್ತಾ ಬಂದಿದ್ದೇನೆ. ಹೈಸ್ಕೂಲು, ಕಾಲೇಜು ಮಕ್ಕಳಿಗಾಗಿ ಕನ್ನಡದಲ್ಲಿ ಇತಿಹಾಸದ ವಿಡಿಯೋ ಮಾಡುವುದು ನನ್ನ ಕೆಲಸ. ಬರೆಯುವುದು, ದನಿ ಕೊಡುವುದು, ಎಡಿಟ್ ಮಾಡುವುದು ಎಲ್ಲ ನಾನೊಬ್ಬನೇ. ದಾವಣಗೆರೆಯಿಂದ ಕ್ಯಾಮೆರಾ ಹೊತ್ತು ರಾಜ್ಯವಿಡೀ ತಿರುಗಲು ಹಣವೂ ಇಲ್ಲ, ಹೊತ್ತೂ ಇಲ್ಲ. ಹೀಗಾಗಿ ನನ್ನ ಕ್ಯಾಮೆರಾ ಅಂದರೆ ಈ ಸೇವೆಯೇ. ಪ್ಲಾನುಗಳು, ಡೌನ್‌ಲೋಡ್ ಮಿತಿ, ರೆಸಲ್ಯೂಷನ್ ಎಲ್ಲ ನೀವು ನೋಡಿಯೇ ಇರುತ್ತೀರಿ, ಅದನ್ನು ಬಿಡುತ್ತೇನೆ. ಕೋಲಾರದ ಚಿನ್ನದ ಗಣಿಯ ಬಗ್ಗೆ ಒಂದು ಸರಣಿ ಮಾಡಲು ಹೋದಾಗ ಇಲ್ಲಿ ನನಗೆ ಸಿಕ್ಕಿದ್ದೇನು, ಸಿಗದೇ ಹೋದದ್ದೇನು ಎಂಬುದನ್ನಷ್ಟೇ ಬರೆಯುತ್ತೇನೆ.

ಮೊದಲು ಸಿಟ್ಟಿನ ವಿಷಯ. ಸರಣಿಯ ಮೊದಲ ಕಂತಿಗೆ ಗಣಿಯ ಒಳಗಿನ ದೃಶ್ಯ ಬೇಕಿತ್ತು. ಕೆಜಿಎಫ್ ಎಂದು ಹುಡುಕಿದೆ. ಸುರಂಗದ ಕ್ಲಿಪ್ಪುಗಳು ಸಾಲುಸಾಲಾಗಿ ಬಂದವು. ಹೆಲ್ಮೆಟ್ಟಿನ ದೀಪ, ಒದ್ದೆ ಬಂಡೆ, ಹಳಿಯ ಮೇಲೆ ಜಾರುವ ತೊಟ್ಟಿ, ಎಲ್ಲ 4ಕೆ ಎಂಬ ಅತಿ ಸ್ಪಷ್ಟ ವಿಡಿಯೋದಲ್ಲಿ, ಎಲ್ಲದರ ಕೆಳಗೂ ‘ಕೋಲಾರ ಚಿನ್ನದ ಗಣಿ, ಭಾರತ’ ಎಂಬ ಶೀರ್ಷಿಕೆ. ಅದರಲ್ಲಿ ಮೂರನ್ನು ಆರಿಸಿ ಹಾಕಿದೆ. ವಿಡಿಯೋ ಬಂದ ಎರಡನೇ ದಿನ, ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಬರೆದರು: “ತಮ್ಮಾ, ಚೆನ್ನಾಗಿ ಹೇಳಿದ್ದೀಯ. ಆದರೆ ಆ ಸುರಂಗ ನಮ್ಮದಲ್ಲ. ಪಂಪು ನಿಂತ ಮೇಲೆ ಕೆಳಗೆಲ್ಲ ನೀರು. ಯಾರು ಇಳಿದು ಕ್ಯಾಮೆರಾ ಹಿಡಿದರು?”

ಅದನ್ನು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಅವರು ಹೇಳಿದ್ದರಲ್ಲಿ ಎಲ್ಲವೂ ಇತ್ತು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿ ಅದು. ತಳದ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ನೀರೆತ್ತುವುದು ನಿಂತ ಮೇಲೆ ಆ ಆಳವೆಲ್ಲ ಮುಳುಗಿತು. ಇಂಥ ಗಾತ್ರದ, ಇಂಥ ಬಣ್ಣದ ವಿಡಿಯೋ ತೆಗೆಯುವ ಕ್ಯಾಮೆರಾ ಜನರ ಕೈಗೆ ಬಂದದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಅಂದರೆ ಇಲ್ಲಿನ ಅತಿ ಆಳದ ಗಣಿಯಾದ ಚಾಂಪಿಯನ್ ರೀಫ್‌ನ ತಳದ ಕೆಲಸವನ್ನು 4ಕೆ ಕ್ಯಾಮೆರಾದಲ್ಲಿ ತೆಗೆದ ಒಂದೇ ಒಂದು ನಿಜವಾದ ಕ್ಲಿಪ್ ಜಗತ್ತಿನಲ್ಲಿ ಇರಲಾರದು. ಆದರೂ ಇಲ್ಲಿ ಬೇಕಾದಷ್ಟಿವೆ, ಮಾರಾಟವೂ ಆಗುತ್ತಿವೆ. ‘ಕೆಜಿಎಫ್’ ಸಿನಿಮಾ ದೇಶವೆಲ್ಲ ಓಡಿದ ಮೇಲೆ ಈ ಮೂರಕ್ಷರಕ್ಕೆ ಬೇಡಿಕೆ ಬಂದಿದೆ. ಯಾವ ದೇಶದ ಯಾವ ಸುರಂಗವಾದರೂ ಸರಿ, ಮೂರಕ್ಷರ ಅಂಟಿಸಿದರೆ ಹುಡುಕಾಟದಲ್ಲಿ ಮೇಲೆ ಬರುತ್ತದೆ.

ವಿಡಿಯೋ ತೆಗೆದು, ಆ ಮೂರೂ ಕಡೆ ಕೈಯಿಂದ ಬರೆದ ನಕ್ಷೆ ಹಾಕಿ ಮತ್ತೆ ಏರಿಸಿದೆ. ತಪ್ಪು ಶೀರ್ಷಿಕೆಯ ಹನ್ನೊಂದು ಕ್ಲಿಪ್ಪುಗಳ ಪಟ್ಟಿ ಮಾಡಿ, ಕಾರಣ ಸಹಿತ ಸೇವೆಯವರಿಗೆ ಕಳಿಸಿದೆ. ಮೂರು ವಾರದಲ್ಲಿ ನಾಲ್ಕು ಸರಿಯಾದವು. ಉಳಿದ ಏಳಕ್ಕೆ ‘ಶೀರ್ಷಿಕೆ ಬರೆದವರ ಹೊಣೆ’ ಎಂಬ ಉತ್ತರ ಬಂತು. ನನ್ನಂಥವನಿಗೆ ಇದು ಸಣ್ಣ ವಿಷಯವಲ್ಲ. ಆ ಕತ್ತಲಲ್ಲಿ ಬಂಡೆ ಸಿಡಿದು ಸತ್ತವರ ಮಕ್ಕಳು ಇವತ್ತಿಗೂ ಅದೇ ಊರಿನಲ್ಲಿದ್ದಾರೆ. ಅವರ ಮುಂದೆ ಬೇರೆಲ್ಲಿಯದೋ ಸುರಂಗ ತೋರಿಸಿ ‘ಇದೇ ನಿಮ್ಮಪ್ಪ ದುಡಿದ ಜಾಗ’ ಎಂದ ಹಾಗಾಯಿತು.

ಹಳೆಯ ಫೋಟೋಗಳದ್ದು ಇನ್ನೊಂದು ಕತೆ. ಎರಡನೇ ಕಂತು ಕರೆಂಟಿನ ಬಗ್ಗೆ: 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ತಂದದ್ದು, ಬೆಂಗಳೂರಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ. ಅದಕ್ಕೆ ಬ್ರಿಟಿಷರ ಕಾಲದ ಒಂದು ಕಪ್ಪುಬಿಳುಪು ಫೋಟೋ ಬೇಕಿತ್ತು. ಮಾಸಿಕ ಪ್ಲಾನಿನಲ್ಲಿ ಅದು ಬರುವುದಿಲ್ಲ, ಪ್ರತ್ಯೇಕ 1,900 ಕೊಟ್ಟೆ. 2012ರಲ್ಲಿ ತಿದ್ದುಪಡಿಯಾಗುವವರೆಗೆ ನಮ್ಮ ದೇಶದ ಕಾನೂನಿನಲ್ಲಿ ಫೋಟೋದ ಹಕ್ಕು ಇದ್ದದ್ದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಮಾತ್ರ ಎಂದು ಆಮೇಲೆ ತಿಳಿಯಿತು. ನೂರು ವರ್ಷದ ಹಿಂದೆ ಅಚ್ಚಾದ ಚಿತ್ರದ ಹಕ್ಕು ಆಗಲೇ ಮುಗಿದಿತ್ತು, ಅದು ಎಲ್ಲರದ್ದೂ. ಸ್ಕ್ಯಾನ್ ಮಾಡಿದ ಶ್ರಮಕ್ಕೆ ದುಡ್ಡು ಕೇಳಲಿ, ಬೇಡವೆನ್ನುವುದಿಲ್ಲ. ಆದರೆ ಹಕ್ಕಿಗೆ ಎಂದು ಕೇಳಬಾರದು. ಹಳೆಯ ಚಿತ್ರ ಬೇಕಾದವರು ಮೊದಲು ಲೈಬ್ರರಿಗಳ ಸಂಗ್ರಹ ನೋಡಿ, ಆಮೇಲೆ ಇಲ್ಲಿಗೆ ಬನ್ನಿ.

ಇಷ್ಟಾದ ಮೇಲೆ ಸೇವೆ ಬಿಡಬೇಕೆಂದೇ ಇದ್ದೆ. ಹೋದ ವರ್ಷ ಜನವರಿಯಲ್ಲಿ ಒಂದು ರಾತ್ರಿ, ಕೆಜಿಎಫ್ ಎಂಬ ಪದವನ್ನೇ ಬಿಟ್ಟು ಗಣಿ ಊರಿನ ರೈಲ್ವೆ ಸ್ಟೇಷನ್ನೊಂದರ ಹೆಸರು ಹಾಕಿ ನೋಡಿದೆ: ಉರಿಗಾಂ. ಇಂಗ್ಲಿಷಿನಲ್ಲಿ ರೈಲ್ವೆಯವರು ಬರೆಯುವ ಹಾಗೆ, ಮೊದಲು ಎರಡು ‘ಓ’ ಹಾಕಿ. ಬಂದದ್ದು ಒಂಬತ್ತೇ ಕ್ಲಿಪ್ಪು. ಒಂಬತ್ತನ್ನೂ ತೆಗೆದವರು ಒಬ್ಬರೇ.

ಡ್ರೋನ್ ಇಲ್ಲ. ಸ್ಲೋ ಮೋಷನ್ ಇಲ್ಲ. ಟ್ರೈಪಾಡ್ ಊರಿ, ಕ್ಯಾಮೆರಾ ಕದಲಿಸದೆ ತೆಗೆದ ಎರಡು, ಮೂರು ನಿಮಿಷದ ಶಾಟುಗಳು. ಶೀರ್ಷಿಕೆಯಲ್ಲಿ ಸ್ಟೇಷನ್ನಿನ ಹೆಸರು, ತಾರೀಕು, ಗಂಟೆ. ಎಲ್ಲಕ್ಕಿಂತ ದೊಡ್ಡದು, ಒಳಗೆ ಶಬ್ದ ಇದೆ! ಸ್ಟಾಕ್ ವಿಡಿಯೋ ಬಳಸುವವರಿಗೆ ಇದರ ಬೆಲೆ ಗೊತ್ತು. ಹತ್ತರಲ್ಲಿ ಒಂಬತ್ತು ಕ್ಲಿಪ್ಪು ಮೂಕವಾಗಿಯೇ ಬರುತ್ತವೆ, ಮೇಲೆ ನಾವು ಗಾಳಿಯ ಸದ್ದು ಅಂಟಿಸಬೇಕು.

ಅದೇ ರೈಲು ದಾರಿಯ ಕೊನೆಯ ಸ್ಟೇಷನ್ ಮಾರಿಕುಪ್ಪಂನದ್ದು ಒಂದಿದೆ, ಮೂರು ನಿಮಿಷ ಹತ್ತು ಸೆಕೆಂಡು. ಇನ್ನೂ ಕತ್ತಲು. ಬೆಂಗಳೂರಿಗೆ ಹೊರಡುವ ರೈಲು ನಿಂತಿದೆ. ಊಟದ ಬ್ಯಾಗು ಹೆಗಲಿಗೆ ಹಾಕಿಕೊಂಡವರು ಬರುತ್ತಲೇ ಇದ್ದಾರೆ. ಒಬ್ಬ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾನೆ. ಒಬ್ಬಾಕೆ ನಿಂತಲ್ಲೇ ಜಡೆ ಹೆಣೆದುಕೊಳ್ಳುತ್ತಾಳೆ. ತಮಿಳು, ಕನ್ನಡ, ತೆಲುಗು ಮೂರೂ ಕಿವಿಗೆ ಬೀಳುತ್ತವೆ. ಗಣಿ ನಿಂತ ಮೇಲೆ ಈ ಊರು ಏನಾಯಿತು ಎಂದು ನಾನು ನಾಲ್ಕು ಪುಟ ಬರೆದಿದ್ದೆ. ಮೂರು ಪುಟ ಹೊಡೆದು ಹಾಕಿದೆ.

ಇನ್ನೊಂದು ಸೈನೈಡ್ ಗುಡ್ಡದ್ದು. ಚಿನ್ನ ತೆಗೆದು ಉಳಿದ ಪುಡಿಯ ಗುಡ್ಡಗಳವು, ಮೂರು ಕೋಟಿ ಟನ್ನಿಗೂ ಹೆಚ್ಚು. ಮೇಲಿನಿಂದ ಡ್ರೋನ್ ತೆಗೆದಾಗ ಯಾವುದೋ ಮರುಭೂಮಿಯ ಹಾಗೆ ಚೆಂದ ಕಾಣುತ್ತದೆ. ಅಂಥ ಕ್ಲಿಪ್ಪುಗಳು ಇಲ್ಲಿ ಧಾರಾಳವಾಗಿವೆ. ಇವರು ಕ್ಯಾಮೆರಾ ಇಟ್ಟದ್ದು ಬುಡದ ಒಂದು ಮನೆಯ ಹಿತ್ತಲಿನಲ್ಲಿ. ಗುಡ್ಡ ಹಿಂದೆ, ಬಟ್ಟೆ ಒಣಗಿಸುವ ತಂತಿ ಮುಂದೆ. ಗಾಳಿ ಏಳುತ್ತದೆ, ಗುಡ್ಡದ ನೆತ್ತಿಯಿಂದ ಬಿಳಿ ಧೂಳು ಹಗುರಾಗಿ ಇಳಿಯುತ್ತದೆ, ಒಳಗಿನಿಂದ ಒಬ್ಬ ಹೆಂಗಸು ಓಡಿ ಬಂದು ಶಾಲೆಯ ಬಿಳಿ ಅಂಗಿಗಳನ್ನು ಮೊದಲು ಎಳೆದುಕೊಳ್ಳುತ್ತಾರೆ, ಆಮೇಲೆ ಉಳಿದದ್ದು.

ಆವತ್ತಿನಿಂದ ನನಗೊಂದು ಅಭ್ಯಾಸ ಬಿದ್ದಿದೆ. ಬೆಳಿಗ್ಗೆ ಐದೂವರೆಗೆ ಎದ್ದು, ಕಾಫಿ ಇಟ್ಟು, ಹೆಡ್‌ಫೋನ್ ಹಾಕಿ ಇವರ ಹೊಸ ಕ್ಲಿಪ್ ಬಂದಿದೆಯಾ ಎಂದು ನೋಡುತ್ತೇನೆ. ಬಂದಿದ್ದರೆ ಮೊದಲು ಕಣ್ಣು ಮುಚ್ಚಿ ಕೇಳುತ್ತೇನೆ, ಆಮೇಲೆ ನೋಡುತ್ತೇನೆ. ಇಳಿಸಿಕೊಂಡ ಮೇಲೆ ಸೇವೆ ಕೊಡುವ ಉದ್ದನೆಯ ಅಂಕಿ ಅಳಿಸಿ ‘ಮಾರಿಕುಪ್ಪಂ ರೈಲು ನಸುಕು’, ‘ಗುಡ್ಡ ಬಟ್ಟೆ ತಂತಿ’ ಎಂದು ಹೆಸರಿಡುತ್ತೇನೆ. ಈಗ ಆ ಫೋಲ್ಡರಿನಲ್ಲಿ 31 ಇವೆ.

ನೋಡುವಾಗಲೆಲ್ಲ ನಮ್ಮ ಊರು ನೆನಪಾಗುತ್ತದೆ. ನಮ್ಮಪ್ಪ ದುಡಿದದ್ದು ಇಲ್ಲಿನ ಹತ್ತಿ ಗಿರಣಿಯೊಂದರಲ್ಲಿ. ಮಿಲ್ಲಿನ ಕೂಗು ಕೇಳಿ ಅಮ್ಮ ಅನ್ನಕ್ಕೆ ಇಡುತ್ತಿದ್ದಳು. ದಾವಣಗೆರೆ ಎಂದು ಇಲ್ಲಿ ಹುಡುಕಿ ನೋಡಿ, ಬೆಣ್ಣೆ ದೋಸೆ ಬಿಟ್ಟರೆ ಏನೂ ಬರುವುದಿಲ್ಲ. ಕುದುರೆಮುಖದಲ್ಲೂ ಅಷ್ಟೇ: 2005ರ ಕೊನೆಗೆ ನಿಂತ ಕಬ್ಬಿಣದ ಅದಿರಿನ ಗಣಿಯ ಸುಳಿವೇ ಇಲ್ಲ, ಬರೀ ಹಸಿರು ಬೆಟ್ಟ. ಅದಿರಿನ ಕೆಸರು ತಡೆಯಲು ಕಟ್ಟಿದ ಲಕ್ಯಾ ಅಣೆಕಟ್ಟಿನ ಹಿಂದಿನ ನೀರನ್ನು ಒಬ್ಬರು ‘ಪ್ರಶಾಂತ ಸರೋವರ’ ಎಂದು ಹಾಕಿದ್ದಾರೆ.

ಬಳಸುವವರಿಗೆ ಒಂದು ಮಾತು. ಗುಡ್ಡ, ಶಾಫ್ಟುಗಳ (ಗಣಿಗೆ ಇಳಿಯುವ ಬಾವಿಗಳ) ಬಹುತೇಕ ಕ್ಲಿಪ್ಪುಗಳಿಗೆ ‘ಎಡಿಟೋರಿಯಲ್’ ಗುರುತಿದೆ. ಪಾಠಕ್ಕೆ, ಸುದ್ದಿಗೆ ಸರಿ, ಜಾಹೀರಾತಿಗೆ ಬಳಸುವಂತಿಲ್ಲ. ಹುಡುಕುವಾಗ ಕೋರಮಂಡಲ್, ಚಾಂಪಿಯನ್, ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ ಎಂದು ಜಾಗದ ಹೆಸರನ್ನೇ ಹಾಕಿ. ಕನ್ನಡ ಲಿಪಿಯಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ, ಈ ಕೊರತೆಯನ್ನು ಎರಡು ಸಲ ಬರೆದು ತಿಳಿಸಿದ್ದೇನೆ.

ಐದರಲ್ಲಿ ಎಷ್ಟು ಕೊಡಲಿ? ಸೇವೆಗೆ ಎರಡು. ಜಾಗ, ತಿಂಗಳು, ವರ್ಷ ಈ ಮೂರನ್ನು ಕಡ್ಡಾಯ ಮಾಡಿ, ಸುಳ್ಳು ಬರೆದವರ ಕ್ಲಿಪ್ ತೆಗೆದರೆ ನಾಲ್ಕು ಕೊಡುತ್ತೇನೆ. ಆ ಹೆಸರು ಗೊತ್ತಿಲ್ಲದ ಕ್ಯಾಮೆರಾದವರಿಗೆ ಐದಕ್ಕೆ ಐದು. ಅವರಿಗೊಂದು ಮಾತು ಬರೆಯಲು ಇಲ್ಲಿ ದಾರಿಯಿಲ್ಲ. ನಾನು ಕಟ್ಟುವ 2,300ರಲ್ಲಿ ಅವರಿಗೆ ಎಷ್ಟು ಸೇರುತ್ತದೆ ಎಂದು ಕೇಳಿದರೂ ಯಾರೂ ಹೇಳುವುದಿಲ್ಲ. ಮುಂದಿನ ಕಂತು 1894ರಲ್ಲಿ ಬಂದ ಬಂಗಾರಪೇಟೆ–ಮಾರಿಕುಪ್ಪಂ ರೈಲಿನದ್ದು. ಹೋದ ವಾರ ಕೋರಮಂಡಲ್ ಸ್ಟೇಷನ್ನಿನ ನಾಲ್ಕು ಕ್ಲಿಪ್ ಹೊಸದಾಗಿ ಹಾಕಿದ್ದಾರೆ, ಸಂಜೆ ಏಳೂಕಾಲರದ್ದು, ಕೆಲಸ ಮುಗಿಸಿ ಇಳಿಯುವವರದ್ದು. ಇನ್ನು ಮೂರು ತಿಂಗಳಿಗೆ ದುಡ್ಡು ಕಟ್ಟಿದ್ದೇನೆ.